ಹುಪರಿ ಮನಿ ಬಾಗಲ ತಟ್ಟು

ಮೊದಲ ನನ್ನ ಶಾಣ್ಯಾತನದ ಮಾತ ಹೇಳಿಬಿಡ್ತೇನಿ, ಬ್ಯಾರೆ ಯಾರರೆ ಹೇಳಿದ್ರ ಇನ್ನೂ ಕೆಟ್ಟ ಕೇಳಸ್ತೈತಿ. ಕೊಲ್ಲಾಪುರ ಬಾಜೂಕಿನ ಹುಪರಿಯೊಳಗ ಒಬ್ಬ ಬೆಳ್ಳಿ ಕಾರಾಗೀರನ ಮನಿಗೆ ಕೆಲಸಕ್ಕ ಹೋದ ಮೊದಲನೇ ದಿನ, ಯಾರೂ ಹೇಳದನ, ಅವರ ಪಡಸಾಲಿ ಕಸಾ ಹೊಡದು, ಬುಟ್ಟಿ ತುಂಬಿ, ಮನಿ ಮುಂದಿನ ಗಟಾರಕ್ಕ ಚೆಲ್ಲಿ ಬಂದ್ನಿ. ಚೆಲ್ಲಿ, ಕೈ ಝಾಡಿಸಿಕೊಂಡು, ಶಾಬಾಸಕಿ ಕೊಡ್ತಾರೇನೋ ಅನ್ನೂ ಹಂಗ ಹಲ್ಲ ಕಿಸದ ನಿಂತ್ನಿ.

ಇದರಾಗ ತಪ್ಪೇನೈತಿ ಅಂತ ನಿಮಗ ಅನಿಸಿದ್ರ, ನೀವೂ ನನ್ನಂಗ ಹುಪರಿ ಹೊರಗಿನವ್ರ. ಬೆಳ್ಳಿ ಕೆಲಸದ ಮನ್ಯಾಗ ಕಸಾ ಅನ್ನೂ ವಸ್ತು ಇರೂದಿಲ್ರಿ. ಬೆಳ್ಳಿಗೆ ಅರಾ ತಿಕ್ಕಿದಾಗ ಉದುರಿದ ಪುಡಿ, ತಂತಿ ಕತ್ತರಿಸಿದಾಗ ಹಾರಿದ ಚೂರು, ಎಲ್ಲಾ ನೆಲದ ಧೂಳಿನ್ಯಾಗ ಕೂತಿರ್ತೈತಿ. ಅದಕ್ಕ ಅವ್ರು ಬಾಗಲದಿಂದ ಒಳಗ ಕಸಾ ಹೊಡೀತಾರ, ಹೊರಗ ಅಲ್ಲ. ಧೂಳ ಡಬ್ಬಿಗೆ ತುಂಬ್ತಾರ. ಕೈ ತೊಳದ ನೀರ ಸುದ್ದ ಒಂದ ಬಾನಿಗೆ ಹೋಗ್ತೈತಿ. ಬಾಗಲದಾಗ, ಹೊಸ್ತಲಕ್ಕ ಹತ್ತಿ ಒಳಗ, ಒಂದು ಗೋಣಿ ತಟ್ಟು ಹಾಸಿರ್ತಾರ. ಹೊರಗ ಹೋಗವ್ರು ಯಾರ ಇರಲಿ, ಆ ತಟ್ಟಿನ ಮ್ಯಾಲ ನಿಂತು, ಬಲಗಾಲ ಒರಸಿ, ಎಡಗಾಲ ಒರಸಿ, ಮೈಮ್ಯಾಲಿನ ಅರಬಿ ಝಾಡಿಸಿ, ಆಮ್ಯಾಲ ಹೊಸ್ತಲಾ ದಾಟಬೇಕು. ವರ್ಷಕ್ಕೊಮ್ಮೆ ದೀವಳಿಗಿ ಮುಂದ ಆ ತಟ್ಟು, ಸವದ ಕಸಬರಗಿ, ಡಬ್ಬಿ ಧೂಳ ಎಲ್ಲಾ ಕೂಡಿಸಿ ಸುಟ್ಟು, ಬೂದಿ ತೊಳದು ಬೆಳ್ಳಿ ತಗೀತಾರ.

ಇದೆಲ್ಲಾ ನನಗ ತಿಳದದ್ದು ಗಟಾರದಾಗ ಕೂತ ಮ್ಯಾಲ.

ಮನಿ ಮಾಲಕ್ರು ಒದರಾಡಲಿಲ್ಲ. ಗಟಾರ ನೋಡಿದ್ರು, ನನ್ನ ನೋಡಿದ್ರು. "ಮಾಸ್ತರ, ನಿಮಗ ಕಸಾ ಹೊಡೀ ಅಂತ ಯಾರ ಹೇಳಿದ್ರಿ?"

"ಕೊಲ್ಲಾಪುರದ ಮ್ಯಾಡಮ್ ಅವ್ರು ಮನಿ ತಯಾರ ಮಾಡಂದಾರ್ರಿ."

"ತಯಾರ ಮಾಡಂದಾರೋ, ತೊಳದ ಹಾಕಂದಾರೋ?"

ಮಧ್ಯಾಹ್ನತನಕಾ ಗಟಾರದ ರಾಡಿ ಬುಟ್ಟೀಲೆ ತಗದು ತಗದು ಒಳಗ ಹೊತ್ತು ಹಾಕಿದ್ನಿ. ಓಣಿ ಮಂದಿ ನೋಡಾಕ ನಿಂತ್ರು. ಒಬ್ಬ ಅಜ್ಜ ಬಗ್ಗಿ ಕೇಳಿದ, "ಏನ ಕಳದೈತೋ ತಮ್ಮಾ?" "ನನ್ನ ಬುದ್ಧಿ ಕಳದೈತ್ರಿ ಅಜ್ಜಾ" ಅಂದ್ನಿ. "ಭಾಳ ಸಣ್ಣದಿತ್ತೇನ? ಹಂಗಾರ ಸಿಗೂದಿಲ್ಲ ಬಿಡು" ಅಂತ ಹೇಳಿ ಹೋದ.

ಈಗ ನಾ ಅಲ್ಲಿಗೆ ಯಾಕ ಹೋಗಿದ್ನಿ ಅನ್ನೂದು. ಇದು ಎಂಬತ್ತರ ದಶಕದ ನಡುವಿನ ಮಾತು. ನಾ ಇಚಲಕರಂಜಿ ಹುಡುಗ, ಮಗ್ಗದ ಸಪ್ಪಳದಾಗ ಹುಟ್ಟಿದವ, ಅದಕ್ಕ ಇವತ್ತಿಗೂ ಒದರಿ ಮಾತಾಡ್ತೇನಿ. ಕೊಲ್ಲಾಪುರದಾಗ ಒಬ್ಬ ಮ್ಯಾಡಮ್ ಇದ್ರು, ಮಾತು ಬರಲಾರದ, ಕಣ್ಣಿಗೆ ಕಣ್ಣ ಕೊಡಲಾರದ ಮಕ್ಕಳಿಗೆ ಮನಿಗೇ ಹೋಗಿ ಕಲಸಾವ್ರು. ಆಟಿಝಮ್ ಅನ್ನೂ ಶಬ್ದ ನಾ ಮೊದಲ ಕೇಳಿದ್ದು ಅವರ ಬಾಯಿಂದ. ಮ್ಯಾಡಮ್ ಮರಾಠಿಯವ್ರು, ಹುಪರಿ ಆ ಮನಿ ಹೆಣಮಕ್ಕಳು ಮನ್ಯಾಗ ಕನ್ನಡಾ ಆಡಾವ್ರು. ನನಗ ಎರಡೂ ಬರ್ತಾವು ಅನ್ನೂದೊಂದ ನನ್ನ ಪದವಿ. ಹದಿನೈದ ದಿನ ಕಲಿಸಿ, ಬರಿಯಾಕ ಒಂದ ವಹಿ ಕೊಟ್ಟು ಕಳಿಸಿದ್ರು.

ಕೆಲಸಾ ಇಷ್ಟು. ದೀವಳಿಗಿ ಆದ ಮ್ಯಾಲ ಮ್ಯಾಡಮ್ಮರಿಗೆ ಒಂದ ಮನಿಗೆ ಮಾತ್ರ ಜಾಗಾ ಇತ್ತು. ವಾರಕ್ಕ ಎರಡ ಸಲ, ಆರ ತಿಂಗಳು. ಅದಕ್ಕಿಂತ ಮೊದಲಿನ ಆರ ವಾರದಾಗ ನಾ ಆ ಮನಿ, ಆ ಕೂಸು ಎರಡನ್ನೂ ತಯಾರ ಮಾಡಬೇಕು. ವಹಿಯ ಮೊದಲನೇ ಹಾಳ್ಯಾಗ ಅವರ ಬರದ ಕೊಟ್ಟಿದ್ರು: ಕೂಸು ದಿನಾ ಏನ ಮಾಡ್ತೈತಿ ಬರದ ಇಡು. ಕಲಿಯಾಕ ಒಂದ ಮೂಲಿ ಮಾಡು. ಮನ್ಯಾಗಿನ ಅಪಾಯದ ಸಾಮಾನ ದೂರ ಸರಿಸು. ಕಡೀಕ, ಎರಡ ಗೆರಿ ಹೊಡದು: ನಾ ನೋಡಾಕ ಬರೂ ದಿನ ಕೂಸಿನ ಕಟ್ಟಿರಬಾರದು; ಕಟ್ಟಿದ್ರ ಜಾಗಾ ಬ್ಯಾರೆ ಮನಿಗೆ.

ಕೂಸಿನ ಕಟ್ಟಿದ್ರು.

ಆರ ವರ್ಷದ ಹುಡುಗಿ. ಹಳೇ ಸೀರಿ ಹರದು ಹೊಸದ ಹಗ್ಗದ ಒಂದ ತುದಿ ಆಕಿ ನಡಕ್ಕ, ಇನ್ನೊಂದ ತುದಿ ಪಡಸಾಲಿ ಕಂಬಕ್ಕ. ಕರದ್ರ ತಿರಗಿ ನೋಡ್ತಿದ್ದಿಲ್ಲ. ಒಂದ ಗೆಜ್ಜಿ ಬೆರಳಾಗ ಹಿಡದು ಕಿವಿ ಹತ್ರ ಇಡೀ ದಿನ ಅಲಗಾಡಸ್ತಿದ್ಲು. ಆಕಿಗೆ ಬೆಂಕಿ ಅಂಜಿಕಿ ಇಲ್ಲ, ರಸ್ತಾದ ಅಂಜಿಕಿ ಇಲ್ಲ. ಹಿಂದಿನ ವರ್ಷ ಈಗಷ್ಟ ಎರಕಾ ಹೊಯ್ದಿದ್ದ ಬೆಳ್ಳಿ ಗಟ್ಟಿ ಮ್ಯಾಲ ಅಂಗೈ ಊರಿದ್ಲಂತ. ಕೈ ತಗೀಲೂ ಇಲ್ಲಂತ, ಅಪ್ಪನ ಜಗ್ಗಿ ತಗದನಂತ. ಎಡಗೈ ನಡುವ ಆ ಕಲೆ ಹಂಗ ಉಳದಿತ್ತು. ಆ ದಿನದಿಂದ ಕಟ್ಟಿದ ಹಗ್ಗ.

"ಕಟ್ಟಲಿಲ್ಲಂದ್ರ ಏನ ಮಾಡಬೇಕ್ರಿ, ಹೇಳ್ರಿ" ಅಂದ್ರು ಆಕಿ ಅವ್ವ. ನಾ ಅವ್ರಿಗೆ ವೈನಿ ಅಂತಿದ್ನಿ. ಮಾತಾಡ್ತಾನ ಕಾಲಿನ ಪೈಂಜಣಕ್ಕ ಗೆಜ್ಜಿ ಪೋಣಿಸೂ ಕೈ ನಿಂತಿದ್ದಿಲ್ಲ. "ಒಂದ ಕಡೆ ಕುಲುಮಿ, ಒಂದ ಕಡೆ ಮೈ ಸುಡೂ ತೇಜಾಬದ ಭರಣಿ, ಎದುರಿಗೆ ರಸ್ತಾ. ಕಬ್ಬಿನ ಟ್ರಾಕ್ಟರ ಹ್ಯಾಂಗ ಹೊಕ್ಕಾವು ನೋಡೀರಿಲ್ಲೋ."

"ಬಾಗಲಾ ಹಾಕಿದ್ರ?"

"ಇದ್ದಲಿ ಹೊಗಿ ಎಲ್ಲಿ ಹೋಗಬೇಕ್ರಿ? ದಿನಾ ಹತ್ತ ಮಂದಿ ಬರಾವ್ರು ಹೋಗಾವ್ರು. ಕಾರಖಾನಿ ಬಾಗಲಾ ಹಾಕಿದ್ರ ಯಾರೋ ಸತ್ತಾರ ಅಂತಾರ."

ಮಾಲಕ್ರು ಒಂದ ನಿರ್ಧಾರ ಮಾಡಿ ಇಟ್ಟಿದ್ರು. ಮ್ಯಾಡಮ್ ತಗೊಳ್ಳಲಿಲ್ಲಂದ್ರ ಕೂಸಿನ್ನ ನೇಸರಿಯೊಳಗಿನ ತಂಗಿ ಮನಿಗೆ ಕಳಸೂದು. ಅಲ್ಲಿ ಬೆಂಕಿ ಇಲ್ಲ, ತೇಜಾಬ ಇಲ್ಲ. ಎಮ್ಮಿ ಕೊಟಗಿ ಐತಿ. ಕೊಟಗ್ಯಾಗೂ ಕಂಬ ಇರ್ತಾವು. ವೈನಿ ನನಗ ಒಂದ ಸಲ, ಒಂದ ಸಲ ಅಷ್ಟ, ಹೇಳಿದ್ರು: "ಕಟ್ಟಿದ್ರ ನನ್ನ ಕಣ್ಣ ಮುಂದ ಕಟ್ಟಿರ್ಲಿ ಮಾಸ್ತರ. ಎಮ್ಮಿ ಬಾಜೂಕ ಬ್ಯಾಡ."

ಸುರು ಮಾಡಿದ್ನಿ. ವಹಿ ಹಾಳಿಗೆ ಎರಡ ಗೆರಿ ಹೊಡದು ಮೂರ ಭಾಗ ಮಾಡಬೇಕು: ಮೊದಲ ಏನಾತು, ಕೂಸು ಏನ ಮಾಡ್ತು, ಆಮ್ಯಾಲ ನಾವು ಏನ ಮಾಡಿದ್ವಿ. ನಮ್ಮ ಅಭಿಪ್ರಾಯ ಬರೀಬಾರದು. ನಾ ಮೊದಲನೇ ದಿನ "ಹಟಾ ಮಾಡಿದ್ಲು" ಅಂತ ಬರದಿದ್ನಿ. ಶನಿವಾರ ಕೊಲ್ಲಾಪುರದಾಗ ಮ್ಯಾಡಮ್ ಅದರ ಮ್ಯಾಲ ಗೆರಿ ಎಳದು, "ಹಟಾ ಹ್ಯಾಂಗ ಕಾಣಸ್ತೈತಿ? ಬಣ್ಣ ಯಾವುದು?" ಅಂತ ಕೇಳಿದ್ರು. "ಒದರಿದ್ಲು, ನೆಲಕ್ಕ ಹಿಮ್ಮಡ ಬಡದ್ಲು" ಅಂತ ತಿದ್ದಿದ್ನಿ.

ಆಕಿ ಒದರೂದು ಸಣ್ಣ ಒದರೂದಲ್ಲ. ಇಚಲಕರಂಜಿ ಎಲ್ಲಾ ಮಗ್ಗ ಒಮ್ಮೆಲೆ ಸುರುವಾದ್ರೂ ನಾ ಹೆದರಿದವನಲ್ಲ, ಆಕಿ ಒದರಿದ್ರ ವಹಿ ಒಗದು ಹಿತ್ತಲಕ್ಕ ಓಡ್ತಿದ್ನಿ. ಅದಕ್ಕ ಒಂದ ಉಪಾಯ ಹುಡಕಿದ್ನಿ. ಕಿಸೆ ತುಂಬ ಪೇಪರಮಿಂಟ್ ಒಯ್ಯೂದು. ಒದರಿದ್ಲಂದ್ರ ಬಾಯಾಗ ಒಂದ ಹಾಕೂದು. ಏಕದಮ್ ಶಾಂತ! ನನಗ ನನ್ನ ಮ್ಯಾಲ ಎಷ್ಟ ಪ್ರೀತಿ ಬಂತಂದ್ರ, ಬಸ್ಸಿನ್ಯಾಗ ಪಕ್ಕದ ಸೀಟಿನವಗೂ ಒಂದ ಪೇಪರಮಿಂಟ್ ಕೊಟ್ನಿ.

ಒಂದ ವಾರಕ್ಕ ಆಕಿ ನಾ ಹೊಸ್ತಲಾ ದಾಟಿ ಬರೂದ್ರಾಗ ಒದರಾಕ ಹತ್ತಿದ್ಲು. ಮೊದಲ ಗೆಜ್ಜಿ ಕೆಳಗ ಇಡ್ತಿದ್ಲು, ನನ್ನ ಕಿಸೆ ನೋಡ್ತಿದ್ಲು, ಆಮ್ಯಾಲ ಒದರ್ತಿದ್ಲು. ಒದರಿದ್ರ ಸಿಹಿ ಸಿಗ್ತೈತಿ ಅನ್ನೂ ಪಾಠ ನಾ ಪಕ್ಕಾ ಕಲಿಸಿದ್ನಿ. ನನ್ನ ಆಯುಷ್ಯದಾಗ ನಾ ಕಲಿಸಿದ್ದನ್ನ ಪೂರಾ ಕಲತ ಮೊದಲನೇ ವಿದ್ಯಾರ್ಥಿ ಆಕಿ.

"ಮಾಸ್ತರ ಬರೂಕಿಂತ ಮೊದಲ ದಿನಕ್ಕ ಐದ ಸಲ ಒದರ್ತಿತ್ತು" ಅಂದ್ಲು ಆಯಿ. ಆಯಿ ಅಂದ್ರ ಮಾಲಕ್ರ ತಾಯಿ, ಬಾಯಾಗ ನಾಕ ಹಲ್ಲು, ಆ ನಾಕೂ ಹಲ್ಲು ನನ್ನ ಮ್ಯಾಲ. "ಈಗ ಲೆಕ್ಕಾ ತಪ್ಪೈತಿ. ಭಾಳ ಕಲಿಸಿದ್ಯೋ ತಮ್ಮಾ, ಇನ್ನ ಸಾಕ ಮಾಡು."

ಮ್ಯಾಡಮ್ ಪೇಪರಮಿಂಟ್ ಬಂದ ಮಾಡಿಸಿದ್ರು. ಒದರೂಕಿಂತ ಮೊದಲ ಏನಾಗ್ತೈತಿ ಅದನ್ನ ಹುಡಕಂದ್ರು. ಮತ್ತ ಕೂತು ಬರದ್ನಿ. ನಾಕನೇ ದಿನ ವಹ್ಯಾಗ ಕಾಣಿಸ್ತು: ಪೇಪರಮಿಂಟಿಂದು ಬಿಟ್ರ, ಉಳದ ಒದರೂದೆಲ್ಲಾ ಕುಲುಮಿ ತಿದಿ ಒತ್ತಾಕ ಸುರು ಮಾಡಿದ ಕ್ಷಣಕ್ಕ. ಆ ಬುಸ್ ಅನ್ನೂ ಸಪ್ಪಳ ಯಾವಾಗ ಬರ್ತೈತಿ ಅಂತ ಆಕಿಗೆ ಗೊತ್ತಿಲ್ಲ. ಅದಕ್ಕ, ತಿದಿ ಒತ್ತೂಕಿಂತ ಮೊದಲ ಆಯಿ ಹೋಗಿ ಆಕಿ ಕೈಯಾಗ ಒಂದ ಖಾಲಿ ಡಬ್ಬಿ ಕೊಡಬೇಕು, ಕೊಟ್ಟು ಹತ್ತ ಎಣಿಸಬೇಕು, ಆಮ್ಯಾಲ ಮಾಲಕ್ರು ತಿದಿ ಒತ್ತಬೇಕು. ಎಂಟ ದಿನಕ್ಕ ಡಬ್ಬಿ ಕೊಟ್ಟ ಕೂಡ್ಲೇ ಆಕಿ ತಾನ ಎರಡೂ ಕಿವಿ ಮುಚ್ಚಿಕೊಳ್ಳಾಕ ಹತ್ತಿದ್ಲು, ಒದರೂದು ಅರ್ಧಕ್ಕ ಇಳೀತು. ಅವತ್ತ ಮಾಲಕ್ರು ಮೊದಲನೇ ಸಲ ನನಗ ಚಹಾ ಕೊಡಂದ್ರು.

ಅವ್ರು ಕೆಟ್ಟ ಮನಶ್ಯಾ ಅಲ್ಲ. ತೇಜಾಬದ ಭರಣಿ ಎತ್ತರದ ಗೂಡಿಗೆ ಹೋಗಬೇಕು ಅಂದ್ರ ಮರುದಿನಾನ ಗೂಡು ತಯಾರ. ಕುಲುಮಿ ಮತ್ತ ಪಡಸಾಲಿ ನಡುವ ಎದಿ ಮಟ್ಟದ ಕಟಕಟಿ ಬೇಕು ಅಂದ್ನಿ. ರವಿವಾರ ಸುಟ್ಟಿ ಬಿಟ್ಟು ತಾವ ಕೂತು ಮಾಡಿದ್ರು, ಕೀಲು ಎಂಥಾ ನಾಜೂಕ ಅಂದ್ರ ಪೈಂಜಣದ ಕೊಂಡಿ ಹಂಗ. ಒಂದ ಮೂಲ್ಯಾಗ ಚಾಪಿ, ಕೂಡಾಕ ಒಂದ ಮಣಿ, ಗ್ವಾಡಿಗೆ ಮುಖಾ ಮಾಡಿ. ಅದು ಕಲಿಯೂ ಮೂಲಿ. ಬೆಂಕಿದು ಆತು, ತೇಜಾಬದ್ದು ಆತು. ಉಳದದ್ದು ಬಾಗಲಾ.

ಹಗ್ಗ ಬಿಚ್ಚಿದ್ರ ಆಕಿ ನೇರ ಬಾಗಲಕ್ಕ ಓಡ್ತಿದ್ಲು. ಎರಡ ಸಲ ನಾನ ರಸ್ತಾದಾಗ ಬೆನ್ನ ಹತ್ತಿ ಹಿಡದ ತಂದ್ನಿ, ಒಂದ ಸಲ ಲಂಗೋಟಿ ಕಾಣೂ ಹಂಗ ಧೋತರಾ ಜಾರಿತ್ತು, ಆ ದಿನದಿಂದ ಪ್ಯಾಂಟ ಹಾಕ್ಕೊಂಡ ಹೋಗಾಕ ಹತ್ತಿದ್ನಿ. ಆರ ವಾರದಾಗ ಮೂರ ವಾರ ಹೋದ್ವು. ನಾ ಸಂಜಿಕ ಹೊಂಟಾಗ ವೈನಿ ಕಂಬಕ್ಕ ಗಂಟ ಹಾಕೂ ಸಪ್ಪಳ ಬ್ಯಾರೇನ ಇರ್ತಿತ್ತು.

ಒಂದ ದಿನ ಆಯಿ ಕೂಸಿನ್ನ ಕೈ ಹಿಡದು ಬಾಜೂ ಮನಿಗೆ ಕರಕೊಂಡ ಹೊಂಟಿದ್ಲು. ನಾ ವಹಿ ಮುಚ್ಚಿ, ಬಸ್ಸಿನ ಯೋಚನಿ ಮಾಡ್ಕೋತ ಕೂತಿದ್ನಿ. ಬಾಗಲಕ್ಕ ಬಂದ್ರು. ತಟ್ಟಿನ ಮ್ಯಾಲ ಆಯಿ ನಿಂತ್ಲು, ಕಾಲ ಒರಸಿದ್ಲು. ಆಗ ಕೂಸು, ಯಾರೂ ಹೇಳದನ, ತನ್ನ ಬಲಗಾಲ ಎತ್ತಿ ಹಿಡೀತು. ಆಯಿ ಅದನ್ನ ತಟ್ಟಿಗೆ ತಿಕ್ಕಿದ್ಲು. ಆಮ್ಯಾಲ ಎಡಗಾಲ ಎತ್ತಿ ಹಿಡೀತು.

ನಾ ಎದ್ದ ನಿಂತ್ನಿ. "ಆಯೀ, ಇದನ್ನ ಯಾರ ಕಲಿಸಿದ್ರು?"

"ಯಾರ ಕಲಸಬೇಕೋ? ಈ ಮನ್ಯಾಗ ಹುಟ್ಟಿದ ಕೂಸು ಅದು. ನಿನ್ನಂಗ ಗಟಾರದಾಗ ಹುಟ್ಟೈತೇನ?"

ಆ ಶನಿವಾರ ಮ್ಯಾಡಮ್ಮರ ಮುಂದ ಹೇಳಿದ್ನಿ: ಬಾಗಲಾ ಹಾಕೂದು ಬ್ಯಾಡ, ಹಗ್ಗಾನೂ ಬ್ಯಾಡ, ಆ ತಟ್ಟ ಆಕಿನ್ನ ನಿಲ್ಲಸ್ಲಿ. ಅವ್ರು ವಹಿ ತಮ್ಮ ಕಡೆ ಎಳಕೊಂಡ್ರು. "ಚಾಂಗ್ಲಂ ಆಹೇ" ಅಂದ್ರು, ಚಲೋ ಐತಿ ಅಂತ. ಹ್ಯಾಂಗ ಮಾಡಬೇಕು ಬರಸಿದ್ರು. ತಟ್ಟಿನ ಮ್ಯಾಲ ನಿಲ್ಲೂದು, ಬಲಗಾಲ ಒರಸೂದು, ಎಡಗಾಲ, ಲಂಗಾ ಝಾಡಿಸೂದು, ಕೈ ಮುಂದ ಚಾಚೂದು, ಯಾರರೆ ದೊಡ್ಡವ್ರು ಕೈ ಹಿಡದ ಮ್ಯಾಲ ದಾಟೂದು. ಕಲಸೂದು ಕಡೇದರಿಂದ. ಮೊದಲ ಎಲ್ಲಾ ನಾವ ಮಾಡಿಸಿ ಕೈ ಚಾಚೂದೊಂದ ಆಕಿಗೆ ಬಿಡೂದು. ಅದು ಬಂತಂದ್ರ ಝಾಡಿಸೂದೂ ಆಕಿಗೆ ಬಿಡೂದು. ಹಿಂಗ ಹಿಂದಕ ಹಿಂದಕ. ಬಹುಮಾನ ಪೇಪರಮಿಂಟ್ ಅಲ್ಲ. ಕೈ ಹಿಡದು ರಸ್ತಾದ ಅಂಚಿಗೆ ಒಯ್ದು ಎಸ್.ಟಿ. ಬಸ್ಸು ತೋರಸೂದು, ಯಾಕಂದ್ರ ಆಕಿ ಓಡತಿದ್ದದ್ದ ಅದಕ್ಕ.

ಇನ್ನೊಂದ ಬರಸಿದ್ರು. "ಹಿತ್ತಲ ಬಾಗಲದಾಗೂ ಮಾಡು. ತಟ್ಟ ಸರಿಸಿ, ಬರೇ ಹೊಸ್ತಲದ ಮ್ಯಾಲೂ ಮಾಡು." ನಾ ಬರಕೊಂಡ್ನಿ. ಚಂದ ಅಕ್ಷರದಾಗ ಬರಕೊಂಡ್ನಿ.

ಹಗ್ಗದ ಲೆಕ್ಕಾ ನಂದು. ಮೊದಲ ಆರ ಮೊಳ ಇತ್ತು, ತಟ್ಟತನಕಾ ಮುಟ್ಟೂ ಹಂಗ ಎಂಟ ಮೊಳ ಮಾಡಿದ್ನಿ. ಆಮ್ಯಾಲ ಕಂಬದ ಗಂಟ ಬಿಚ್ಚಿ ತುದಿ ನೆಲದ ಮ್ಯಾಲ ಬಿಟ್ವಿ; ಆಕಿಗೆ ತಾ ಕಟ್ಟಿಸಿಕೊಂಡೀನಿ ಅಂತನ ಅನಸಬೇಕು. ಎರಡ ದಿನಕ್ಕೊಮ್ಮೆ ಒಂದೊಂದ ಮೊಳ ಕತ್ತರಿಸೂದು. ವೈನಿ ತಂತಿ ಕತ್ತರಿಸೂ ಕತ್ತರೀಲೆ ತಾವ ಕತ್ತರಸ್ತಿದ್ರು, ಕತ್ತರಿಸಿದ ತುಂಡು ಮಡಚಿ ಸೆರಗಿನ್ಯಾಗ ಇಟ್ಟಕೋತಿದ್ರು.

ಆಕಿ ಕೈ ಚಾಚೂದು ಕಲತ್ಲು. ಸುಟ್ಟ ಕಲೆ ಇದ್ದ ಎಡಗೈನ ಚಾಚ್ತಿದ್ಲು, ಅಂಗೈ ಮ್ಯಾಲ ಮಾಡಿ. ಐದನೇ ವಾರದ ಕಡೀಕ ಪೂರಾ ಆರೂ ಮೆಟ್ಟಲಾ ತಾನ ಮಾಡಿದ್ಲು. ಕೈ ಕೊಡೂತನಕಾ ತಟ್ಟ ಬಿಟ್ಟ ಇಳೀತಿದ್ದಿಲ್ಲ. ನಾ ಬೇಕಂತ ತಡಾ ಮಾಡಿ ನೋಡಿದ್ನಿ: ಎರಡ ಮಿನಿಟು, ಐದ ಮಿನಿಟು, ಹದಿನೈದ ಮಿನಿಟು. ನಿಂತಿರ್ತಿದ್ಲು. ಎದುರಿಗೆ ಬಸ್ಸ ಹಾದ ಹೋದ್ರೂ ನಿಂತಿರ್ತಿದ್ಲು.

ನಡದಾಗ ಉಳದ ಗೇಣಷ್ಟ ಹಗ್ಗ ಬಿಚ್ಚಿದ ದಿನ ಮಾಲಕ್ರು ಅರಾ ಕೆಳಗಿಟ್ಟು ಆಕಿ ಬಾಗಲಕ್ಕ ಹೋಗೂದನ್ನ ನೋಡಿದ್ರು. ಆಕಿ ನಿಂತ್ಲು, ಒರಸಿದ್ಲು, ಝಾಡಿಸಿದ್ಲು, ಕೈ ಚಾಚಿದ್ಲು. ಮಾಲಕ್ರ ಕೈ ತುಂಬ ಮಸಿ. ಅಂಗಿಗೆ ಒರಸಿಕೊಂಡು ಹೋಗಿ ಕೈ ಹಿಡದ್ರು. ಇಬ್ಬರೂ ಹೊರಗ ನಿಂತು ಮೂರ ಬಸ್ಸ ನೋಡಿದ್ರು. ವೈನಿ ಮಾತ್ರ ಬರೇ ಕಂಬದ ಕಡೆ ನೋಡತಿದ್ರು.

ಈಗ ನಾ ಹೇಳಬೇಕಾದ್ದು ಐತಿ. ಹಿತ್ತಲ ಬಾಗಲದಾಗ ನಾ ಮಾಡಿಸಲಿಲ್ಲ. ತಟ್ಟ ಸರಿಸಿ ಬರೇ ಹೊಸ್ತಲದ ಮ್ಯಾಲೂ ಮಾಡಿಸಲಿಲ್ಲ. ಮುಂದಿನ ಬಾಗಲದಾಗ ಇಷ್ಟ ಚಲೋ ಆಗೂದನ್ನ ಕೆಡಿಸೂದು ಯಾಕ ಅಂತ ನನಗ ನಾ ಹೇಳಿಕೊಂಡ್ನಿ. ಖರೇ ಅಂದ್ರ ಇಚಲಕರಂಜಿಯೊಳಗ ಕುಸ್ತಿ ಇದ್ವು, ನಾ ನಾಕ ಗಂಟೆ ಬಸ್ಸಿಗೇ ಹೊಂಡತಿದ್ನಿ. ವಹ್ಯಾಗ ಆ ಎರಡೂ ಸಾಲಿನ ಮುಂದ ಸರಿ ಗುರುತು ಹಾಕಿದ್ನಿ. ಮ್ಯಾಡಮ್ ಅದನ್ನ ನೋಡಿ ಬೆನ್ನ ಚಪ್ಪರಿಸಿದ್ರು. ನಾ ಚಪ್ಪರಿಸಿಕೊಂಡ್ನಿ.

ಮ್ಯಾಡಮ್ ಬರೂ ದಿನಕ್ಕ ಮೂರ ದಿನ ಮೊದಲ, ಸಂಜಿಕ ನಾ ಹೊಂಟಾಗ ಆಯಿ ಅಂದ್ಲು, "ನಾಳೆ ಮುಂಜಾನೆ ತಟ್ಟ ಸುಡ್ತಾರೋ ತಮ್ಮಾ, ದೀವಳಿಗಿ ಬಂತಲಾ. ಲಗೂನ ಬಾ, ಬೂದಿ ತೊಳ್ಯಾಕ ನಿನ್ನ ಗಟಾರದ ಅನುಭವ ಬೇಕು."

"ಅದರಾಗ ನಾ ಹೊತ್ತ ಹಾಕಿದ ರಾಡಿನೂ ಐತಿ ಆಯೀ, ನನ್ನ ಪಾಲ ತಗದ ಇಡು" ಅಂದ್ನಿ. ಇಬ್ಬರೂ ನಕ್ವಿ. ನಕ್ಕೋತ ಆ ತಟ್ಟಿನ ಮ್ಯಾಲನ ನಿಂತು, ಬಲಗಾಲ ಒರಸಿ, ಎಡಗಾಲ ಒರಸಿ, ನಾ ಬಸ್ಸಿಗೆ ಹೋದ್ನಿ. ಅದನ್ನ ಕೇಳಿದ ಕಿವಿ ನಂದ, ನಕ್ಕ ಬಾಯಿ ನಂದ. ನಡುವ ತಲಿ ಅಂತ ಒಂದ ಇರ್ತೈತಿ, ಅದು ಎಲ್ಲಿತ್ತೋ ಗೊತ್ತಿಲ್ಲ.

ಮರುದಿನ ಹತ್ತಕ್ಕ ಮುಟ್ಟಿದಾಗ ಹಿತ್ತಲದಾಗ ಹೊಗಿ ಏರಿತ್ತು. ಮನಿ ಮಂದಿ ಎಲ್ಲಾ ಅಲ್ಲೇ, ಬೂದಿ ಸುತ್ತ. ಪಡಸಾಲಿ ಖಾಲಿ. ಚಾಪಿ ಮ್ಯಾಲ ಗೆಜ್ಜಿ ಬಿದ್ದಿತ್ತು. ಬಾಗಲಾ ತೆರದಿತ್ತು, ಹೊಸ್ತಲದ ಒಳಗ, ತಟ್ಟಿನ ಆಕಾರದಾಗ, ನೆಲ ಬೆಳ್ಳಗ ಕಾಣತಿತ್ತು. ಹೊಸಾ ತಟ್ಟು ಸುರಳಿ ಸುತ್ತಿ ಮೂಲ್ಯಾಗ ನಿಲ್ಲಿಸಿದ್ರು, ಪೂಜಿ ಮಾಡಿ ಹಾಸಬೇಕಂತ.

"ವೈನೀ, ಕೂಸು ಎಲ್ಲೈತಿ?"

ವೈನಿ ಬೂದಿ ಕೈಲೇ ಎದ್ದ ಬಂದ್ರು. ಬಾಗಲಾ ನೋಡಿದ್ರು. "ಇಲ್ಲೇ ಇತ್ತಲ್ರಿ... ನಿಲ್ತೈತಲ್ರಿ ಅದು" ಅಂದ್ರು.

ಮಾಲಕ್ರು ಸೈಕಲ್ ತಗೊಂಡ ಒಂದ ರಸ್ತಾ ಹಿಡದ್ರು. ವೈನಿ ಬಾವಿ ಕಡೆ ಓಡಿದ್ರು. ನಾ ಬಸ್ ಸ್ಟ್ಯಾಂಡಿಗೆ ಓಡಿದ್ನಿ, ಬಸ್ಸಿನ ಮ್ಯಾಲ ಆಕಿ ಪ್ರೀತಿ ಗೊತ್ತಿತ್ತಲ್ಲ. ಅಲ್ಲಿ ಇಲ್ಲ. ಶಾಲಿ ಮುಂದ ಇಲ್ಲ. ಕಬ್ಬಿನ ಗಾಡಿ ಸಾಲ ನಿಂತಿದ್ವು, ಒಂದೊಂದ ಗಾಲಿ ಕೆಳಗೂ ಬಗ್ಗಿ ನೋಡಿದ್ನಿ. ಬಗ್ಗಿದಾಗೆಲ್ಲಾ ಕಣ್ಣ ಮುಚ್ಚಿಕೊಂಡು ಬಗ್ಗತಿದ್ನಿ, ಆಮ್ಯಾಲ ತೆರೀತಿದ್ನಿ. ಬಿಸಲ ನೆತ್ತಿಗೆ ಬಂತು, ಇಳೀತು. ಯಾರ ಕೇಳಿದ್ರೂ "ಹೆಸರ ಹಿಡದ ಕರೀರಿ, ಓ ಅಂತೈತಿ" ಅನ್ನಾವ್ರು. ಓ ಅನ್ನೂದಿಲ್ಲ ಅಂತ ಎಷ್ಟ ಮಂದಿಗೆ ಹೇಳಲಿ?

ಮೂರ ಗಂಟೆ ಸುಮಾರ, ಪ್ಯಾಟಿ ಆಚೆ ತುದಿಗೆ ಒಂದ ಹಿಟ್ಟಿನ ಗಿರಣಿ ಮುಂದ ಸಿಕ್ಲು. ಗಿರಣಿಯವ ಕಾಳ ಸುರವಾಕ ಹೊರಗ ಒಂದ ಗೋಣಿ ತಟ್ಟ ಹಾಸಿದ್ದ. ಅದರ ಮ್ಯಾಲ ನಿಂತಿದ್ಲು. ಬರಿಗಾಲು, ಮಾರಿ ಮ್ಯಾಲ ಬಿಸಲು, ತುಟಿ ಒಣಗಿ ಬಿಳಚಿದ್ವು. ಎಡಗೈ ಮುಂದ ಚಾಚಿತ್ತು, ಅಂಗೈ ಮ್ಯಾಲ ಮಾಡಿ.

"ನಿಮ್ಮದೇನ್ರಿ?" ಅಂದ ಗಿರಣಿಯವ. "ಮುಂಜಾನಿಂದ ನಿಂತೈತಿ. ಹೋಗಂದ್ರ ಹೋಗೂದಿಲ್ಲ, ನೀರ ಕೊಟ್ರ ಒಲ್ಲದು, ಎತ್ತಾಕ ಹೋದ್ರ ಚಿಟ್ಟನ ಚೀರ್ತೈತಿ. ಪಾಪ, ಬೇಡಾಕ ಬಂದೈತಿ ಅಂತ ನಾಕ ಮಂದಿ ಕೈಯಾಗ ಪೈಸೆ ಹಾಕ್ಯಾರ. ಹಿಡಿಯಾಕೂ ಬರೂದಿಲ್ಲ ಅದಕ್ಕ."

ತಟ್ಟಿನ ಮ್ಯಾಲ, ಆಕಿ ಕಾಲ ಹತ್ರ, ಹತ್ತ ಪೈಸೆ, ಐದ ಪೈಸೆ ಬಿದ್ದಿದ್ವು. ನಾ ಕೈ ಕೊಟ್ನಿ. ಆಕಿ ಹಿಡದ್ಲು, ಇಳದ್ಲು. ಅಷ್ಟ. ಅಂಗಾಲಿಗೆ ಡಾಂಬರ ರಸ್ತಾದ ಬೊಬ್ಬಿ ಎದ್ದಿದ್ವು, ಎತ್ತಿಕೊಂಡ ಬಂದ್ನಿ.

ಮನ್ಯಾಗ ವೈನಿ ಆಕಿನ್ನ ಇಸಕೊಂಡಾಗ ಲಂಗಾದ ನಿರಿಗ್ಯಾಗ ಸಿಕ್ಕಿದ್ದ ಒಂದ ಐದ ಪೈಸೆ ನೆಲಕ್ಕ ಬಿತ್ತು. ಮಾಲಕ್ರ ಎದುರಿಗೇ ಬಿತ್ತು. "ಇದೇನು?" ಅಂದ್ರು. ನಾ ಸುಳ್ಳ ಹೇಳಬೇಕಾಗಿತ್ತು. ನನ್ನ ಆಯುಷ್ಯದಾಗ ಸುಳ್ಳ ಬೇಕಾದ ಒಂದ ಜಾಗಾದಾಗ ನಾ ಖರೇ ಹೇಳಿದ್ನಿ.

ಅವ್ರು ಪೈಸೆ ಎತ್ತಲಿಲ್ಲ. ಅಲ್ಲೇ ಕೂತು ಎರಡೂ ಮೊಣಕಾಲ ಹಿಡಕೊಂಡ್ರು. "ಊರ ಹೆಣಮಕ್ಕಳ ಕಾಲಿಗೆ ಬೆಳ್ಳಿ ಮಾಡಿ ಕೊಟ್ನಿ" ಅಂದ್ರು. "ನನ್ನ ಮಗಳು ಬರಿಗಾಲೀಲೆ ನಿಂತು ಬೇಡಿದ್ಲು." ಆಮ್ಯಾಲ ಎದ್ದು ಹಗ್ಗ ಹುಡಕಿದ್ರು. ಹಗ್ಗ ಎಲ್ಲಿಂದ್ರಿ? ಕತ್ತರಿಸಿ ಮುಗಿಸಿದ್ವಿ. ವೈನಿ ಸೆರಗಿನಿಂದ, ಟ್ರಂಕಿನಿಂದ ಆ ತುಂಡೆಲ್ಲಾ ತಗದ್ರು. ಒಂದಕ್ಕೊಂದ ಗಂಟ ಹಾಕಿ ಕೊಟ್ರು. ಅವರ ಕಣ್ಣಾಗ ನೀರಿದ್ದಿಲ್ಲ. ಗಂಟ ಮಾತ್ರ ಒಂದೊಂದೂ ಎರಡೆರಡ ಸಲ ಜಗ್ಗಿ ನೋಡಿದ್ರು.

ರವಿವಾರ ಮ್ಯಾಡಮ್ ಬಂದ್ರು. ಗೂಡು ನೋಡಿದ್ರು, ಕಟಕಟಿ ನೋಡಿದ್ರು, ಮೂಲಿ ನೋಡಿದ್ರು. ಕಂಬ ನೋಡಿ ಕೂತ್ರು. ಮಾಲಕ್ರು ಮರಾಠ್ಯಾಗ ಮರ್ಯಾದಿಲೇನ ಹೇಳಿದ್ರು: "ಬಾಯೀ, ತುಮಚಾ ನಿಯಮ ಬರೋಬರ ಆಹೇ. ಪಣ ಮಾಝಂ ಘರ ರಸ್ತ್ಯಾವರ ಆಹೇ." ನಿಮ್ಮ ಕಾಯ್ದೆ ಖರೇ ಐತಿ, ಆದ್ರ ನನ್ನ ಮನಿ ರಸ್ತಾದ ಮ್ಯಾಲ ಐತಿ ಅಂತ. ಆಯಿ ಚಹಾ ತಂದ್ಲು. ನನ್ನ ಕಪ್ಪು ಕೊಡೂ ಮುಂದರೆ ಆಕಿ ಏನರೆ ಅಂತಾಳೇನೋ ಅಂತ ಕಾದ್ನಿ. ಕಪ್ಪು ನೆಲಕ್ಕ ಇಟ್ಟು ಒಳಗ ಹೋದ್ಲು.

ಕೊಲ್ಲಾಪುರದ ಬಸ್ಸಿನ್ಯಾಗ ನಾ ವಹಿ ತಗದು ಆ ಎರಡ ಸರಿ ಗುರುತು ತೋರಿಸಿ, ಸುಳ್ಳಂದ್ನಿ. ಮ್ಯಾಡಮ್ ಕಿಡಕಿ ಹೊರಗ ನೋಡಕೋತ ಹೇಳಿದ್ರು, ಕೂಸು ತಪ್ಪ ಮಾಡಿಲ್ಲ, ನೀ ಕಲಿಸಿದ್ದನ್ನ ಮಾಡೈತಿ; ನೀ ಬಾಗಲಾ ಕಲಿಸಲಿಲ್ಲ, ತಟ್ಟ ಕಲಿಸಿದಿ. ಜಾಗಾ ಕೊಲ್ಲಾಪುರದಾಗಿನ ಬ್ಯಾರೆ ಮನಿಗೆ ಹೋತು. ನನ್ನ ಕೆಲಸಾ ಹೋಗಲಿಲ್ಲ. ಹೋಗಿದ್ರ ಒಂದ ನಮೂನಿ ಹಗರ ಆಗ್ತಿತ್ತು. ಕೂಸು ನೇಸರಿಗೆ ಹೋತು ಅಂತ ಕೇಳಿದ್ನಿ.

ಐದಾರ ತಿಂಗಳ ಮ್ಯಾಲ ಗಡಹಿಂಗ್ಲಜದಾಗ ಇನ್ನೊಂದ ಕೂಸಿನ ಮನಿ ಕೆಲಸಕ್ಕ ಸಿಕ್ಕಿತ್ತು. ಅಲ್ಲಿ ಮೊದಲನೇ ದಿನ ನಾ ಕಸಬರಗಿ ಮುಟ್ಟಲಿಲ್ಲ, ಮೂರ ಬಾಗಲದಾಗ ಮೂರ ನಮೂನಿ ಮಾಡಿಸಿ ಆಮ್ಯಾಲನ ಗುರುತ ಹಾಕತಿದ್ನಿ. ಒಂದ ಮಧ್ಯಾಹ್ನ ಬಸ್ ಸ್ಟ್ಯಾಂಡಿನ್ಯಾಗ ಕೂತಿದ್ನಿ. ಎದುರಿನ ಕಟ್ಟಿ ಮ್ಯಾಲ ವೈನಿ. ತೊಡಿ ಮ್ಯಾಲ ಒಂದ ಚೀಲ, ಅದರ ಬಾಯಿಗೆ ಹಣಿಕಿ ಹಾಕಿದ ಹೊಸಾ ಲಂಗಾದ ಅಂಚು. ನಾ ಕಂಬದ ಮರೀಗೆ ಸರದ್ನಿ. ಅವ್ರು ನೋಡಿಬಿಟ್ಟಿದ್ರು.

"ಬರ್ರಿ ಮಾಸ್ತರ, ಯಾಕ ಅಡಗತೀರಿ? ನಾ ಏನ ಕಸಾ ಹೊಡಸಾಕ ಬಂದೇನೇನು?"

ಹೋಗಿ ಬಾಜೂಕ ಕೂತ್ನಿ. ಕೇಳೂ ಧೈರ್ಯ ಆಗವಲ್ದು. ಕಡೀಕ ಕೇಳಿದ್ನಿ, "ಅಲ್ಲಿ... ಕಂಬಕ್ಕೇನ್ರಿ?"

"ಇಲ್ರಿ. ಹಗ್ಗಾನ ಇಲ್ಲ. ಎರಡ ದಿನ ಕಟ್ಟ್ಯಾರ ಅಷ್ಟ. ಒಂದ ದಿನ ನಮ್ಮ ನಾದಿನಿ ಅಂಗಳದಾಗ ಜ್ವಾಳಾ ಒಣಗಸಾಕ ತಟ್ಟ ಹಾಸ್ಯಾಳ. ಇದು ಹೋಗಿ ನಿಂತೈತಿ. ಈಗ ಮುಂಜಾನೆ ಎದ್ದ ಕೂಡ್ಲೇ ತಟ್ಟ ಹಾಸಿ, ಆ ಮನಿಯವ್ರು ಕಬ್ಬಿನ ಕೆಲಸಕ್ಕ ಹೊಕ್ಕಾರ. ಭಾಳ ಶಾಣ್ಯಾ ಪೋರಿ, ಒಂದೀಟೂ ಕಾಡೂದಿಲ್ಲ ಅಂತಾರ." ಅವ್ರು ಚೀಲದ ಬಾಯಿ ಮಡಚಿದ್ರು, ಮತ್ತ ಬಿಚ್ಚಿದ್ರು. "ಕಾಲ ಒರಸ್ತೈತಿ, ಲಂಗಾ ಝಾಡಸ್ತೈತಿ, ಕೈ ಚಾಚಿ ನಿಲ್ತೈತಿ. ಕೈ ಕೊಡಬೇಕು ಅಂತ ಆ ಮನ್ಯಾಗ ಯಾರಿಗೂ ಗೊತ್ತಿಲ್ಲ. ನಾ ಹೇಳೀನಿ, ಅವ್ರಿಗೆ ಯಾಳೆ ಇಲ್ಲ. ತಿಂಗಳಿಗೊಮ್ಮೆ ನಾ ಹೋದಾಗ ಇಳೀತೈತಿ."

ನಾ ಚೀಲದಾಗಿನ ವಹಿ ತಗದು ಒಂದ ಖಾಲಿ ಹಾಳಿ ತೆರದ್ನಿ.

ಆಗ ಒಂದ ಕೆಂಪ ಎಸ್.ಟಿ. ಧೂಳ ಎಬ್ಬಿಸಿಕೋತ ಒಳಗ ಬಂತು. ವೈನಿ ಎದ್ರು, ಚೀಲ ಬಗಲಿಗೆ ಹಾಕ್ಕೊಂಡು ನನ್ನ ಕಡೆ ತಿರಗಿದ್ರು.

"ನೇಸರಿ ಬಸ್ಸ ಬಂತ ನೋಡ್ರಿ. ಬರ್ತೀರೇನು? ನಿಲ್ಲೂದು ಕಲಿಸೀರಿ ಮಾಸ್ತರ, ಇಳಿಯೂದೊಂದ ಕಲಿಸಿ ಹೋಗ್ರಿ."